ಗಣಕಯಂತ್ರದ ಸ್ಮೃತಿಯಲ್ಲೊಂದು ಪೊರಂಬೋಕು

ಗಣಕಯಂತ್ರವೆಂಬುದು ಇಂದು ನಮ್ಮ ಗಡಿನಾಡಿನ ಮನೆಗಳಲ್ಲಿ ಅಪರೂಪದ ವಸ್ತುವಾಗಿ ಉಳಿದಿಲ್ಲ. ಅಡಕೆ ಮಾರಿದ ಹಣದಲ್ಲಿ ಒಂದಿಷ್ಟನ್ನು ತೆಗೆದಿರಿಸಿ, ಸಾಲದಿದ್ದರೆ ಸಹಕಾರಿ ಬ್ಯಾಂಕಿನಲ್ಲಿ ಸಾಲವನ್ನೂ ಮಾಡಿ, ಮಕ್ಕಳ ವಿದ್ಯಾಭ್ಯಾಸಕ್ಕೆಂದು ಒಂದು ಲ್ಯಾಪ್‌ಟಾಪನ್ನು ಕೊಳ್ಳುವ ತಂದೆತಾಯಿಗಳು ಹಳ್ಳಿಹಳ್ಳಿಯಲ್ಲಿಯೂ ಇದ್ದಾರೆ. ಪೆಟ್ಟಿಗೆಯ ಮೇಲೆ ‘8 ಜಿ.ಬಿ. ಮೆಮೊರಿ’ ಎಂದು ಅಚ್ಚಾಗಿರುತ್ತದೆ. ಮನೆಗೆ ತಂದು ತೆರೆಯ ಮೇಲೆ ನೋಡಿದರೆ, ‘ಇರುವುದು 8 ಜಿ.ಬಿ., ಬಳಕೆಗೆ ದೊರೆಯುವುದು 7.8 ಜಿ.ಬಿ.’ ಎಂಬ ಅರ್ಥದ ಒಂದು ಸಾಲು ಕಾಣಿಸುತ್ತದೆ.

ಹಾಗಾದರೆ ಉಳಿದ ಪಾಲು ಎಲ್ಲಿ ಹೋಯಿತು? ಅಂಗಡಿಯವರು ಅಳತೆಯಲ್ಲಿ ಕಡಮೆ ಮಾಡಿದರೇ? ಪೋಷಕರು ಶಾಲೆಗೆ ಬಂದಾಗ ನಮ್ಮೊಡನೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದಾಗಿದೆ. ಪ್ರಶ್ನೆಯು ನ್ಯಾಯವಾದುದೇ. ಹಣ ಕೊಟ್ಟು ಕೊಂಡ ವಸ್ತುವಿನ ಅಳತೆಯನ್ನು ಕೇಳುವ ಹಕ್ಕು ಕೊಂಡವನಿಗೆ ಇದ್ದೇ ಇದೆ. ಆದರೆ ಇದರ ಉತ್ತರವು ಅಂಗಡಿಯಲ್ಲಿ ಇಲ್ಲ. ಗುಂಡಿಯನ್ನು ಒತ್ತಿದ ಮೊದಲ ಕೆಲವು ಕ್ಷಣಗಳಲ್ಲಿ ಯಂತ್ರದೊಳಗೆ ನಡೆಯುವ ಒಂದು ಜಮೀನು ವಿಂಗಡಣೆಯಲ್ಲಿ ಇದೆ.

ಜಮೀನಿನ ವಿಷಯ ನಮಗೆ ಹೊಸತಲ್ಲ. ಒಂದು ಗ್ರಾಮದ ವಿಸ್ತೀರ್ಣವೆಲ್ಲವೂ ಸಾಗುವಳಿಗೆ ದೊರೆಯುವುದಿಲ್ಲ. ದಾರಿ, ತೋಡು, ಕೆರೆ, ಸ್ಮಶಾನ ಇವುಗಳಿಗೆಂದು ಬಿಟ್ಟ ನೆಲವು ಪೊರಂಬೋಕು ಎನಿಸಿಕೊಳ್ಳುವುದು. ಯಾವ ತುಂಡು ಯಾವುದಕ್ಕೆ ಸೇರಿದ್ದೆಂಬುದನ್ನು ತಿಳಿಯಲು ದಾಖಲೆಯಿದೆ. ಹಳೆಯ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಕಾಸರಗೋಡಿನ ಕಡೆ ಅದನ್ನು ಅಡಂಗಲ್ ಎನ್ನುತ್ತಿದ್ದರು. ಸೊಲ್ಲಾಪುರ, ಜತ್ತದ ಕಡೆಯ ಕನ್ನಡಿಗರು ಸಾತ್‌ಬಾರಾ ಎನ್ನುವರು. ಕರ್ನಾಟಕದಲ್ಲಿ ಪಹಣಿ ಎನ್ನುವರು. ಹೆಸರು ಬೇರೆಯಾದರೂ ಕಾರ್ಯವು ಒಂದೇ. ಗಣಕಯಂತ್ರದ ಸ್ಮೃತಿಗೂ ಇಂಥದೇ ಒಂದು ಪಹಣಿ ಉಂಟು. ಅದನ್ನು ಬರೆಯುವವರು ಯಾರು, ಓದುವವರು ಯಾರು, ತಪ್ಪಿದರೆ ಆಗುವುದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಏಳುವವನು, ಅನಂತರ ಆಳುವವನು

ನಾವಿಲ್ಲಿ ಸ್ಮೃತಿ ಎನ್ನುವುದು ಯಂತ್ರವು ಕೆಲಸ ಮಾಡುತ್ತಿರುವಾಗ ಅಂಕಿ ಅಕ್ಷರಗಳನ್ನು ಇರಿಸಿಕೊಳ್ಳುವ ‘ರ‍್ಯಾಮ್’ ಎಂಬ ಭಾಗವನ್ನು. ವಿದ್ಯುತ್ತು ನಿಂತೊಡನೆ ಇದರಲ್ಲಿ ಬರೆದುದೆಲ್ಲ ಅಳಿಸಿಹೋಗುವುದು. ಆದುದರಿಂದ ಪ್ರತಿದಿನವೂ ಯಂತ್ರವು ಏನೂ ತಿಳಿಯದ ಸ್ಥಿತಿಯಿಂದಲೇ ಏಳಬೇಕಾಗುವುದು. ಅದನ್ನು ಎಬ್ಬಿಸುವುದಕ್ಕೆ ಅಳಿಸಿಹೋಗದ ಒಂದು ಚಿಕ್ಕ ಚಿಪ್ಪಿನಲ್ಲಿ ತಯಾರಕರು ಒಂದು ಕ್ರಮವಿಧಿಯನ್ನು ಬರೆದಿರಿಸಿರುತ್ತಾರೆ. ಇದಕ್ಕೆ ‘ಫರ್ಮ್‌ವೇರ್’ ಎಂದು ಹೆಸರು. ಹಳೆಯ ಯಂತ್ರಗಳಲ್ಲಿ ಇದನ್ನು ‘ಬಯಾಸ್’ ಎನ್ನುತ್ತಿದ್ದರು, ಇಂದಿನವುಗಳಲ್ಲಿ ‘ಯು.ಇ.ಎಫ್.ಐ.’ ಎಂಬುದು ಅದರ ಸ್ಥಾನಕ್ಕೆ ಬಂದಿದೆ.

ಫರ್ಮ್‌ವೇರ್ ಸ್ಮೃತಿಯನ್ನು ಎಚ್ಚರಿಸುವುದು, ತೆರೆ, ಕೀಲಿಮಣೆ, ಡಿಸ್ಕುಗಳನ್ನು ಸಿದ್ಧಪಡಿಸುವುದು, ಅನಂತರ ಡಿಸ್ಕಿನಿಂದ ಆಪರೇಟಿಂಗ್ ಸಿಸ್ಟಮಿನ ‘ಕರ್ನೆಲ್’ ಎಂಬ ಭಾಗವನ್ನು ತಂದು ಆಡಳಿತವನ್ನು ಅದರ ಕೈಗೆ ಒಪ್ಪಿಸುವುದು. ಕರ್ನೆಲ್ ಎಂದರೆ ತಿರುಳು. ಯಾವ ಕಾರ್ಯಕ್ರಮಕ್ಕೆ ಎಷ್ಟು ಸ್ಮೃತಿ, ಯಾರಿಗೆ ಯಾವಾಗ ಸರದಿ ಎಂಬುದನ್ನೆಲ್ಲ ನಿರ್ಧರಿಸುವುದು ಈ ತಿರುಳೇ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಬರೆಯಲಾರಂಭಿಸಿದ ‘ಲಿನಕ್ಸ್’ ಇಂಥ ಕರ್ನೆಲ್‌ಗಳಲ್ಲಿ ಒಂದು. ಅದರ ಬರಹವು ಎಲ್ಲರಿಗೂ ಓದಲು ತೆರೆದಿರುವುದರಿಂದ ನಮ್ಮ ವಿವರಣೆಗೆ ಅದನ್ನೇ ಆರಿಸಿಕೊಂಡಿದ್ದೇವೆ.

ಆಡಳಿತವನ್ನು ಒಪ್ಪಿಸಿದ ಮೇಲೆಯೂ ಫರ್ಮ್‌ವೇರ್ ಪೂರ್ತಿಯಾಗಿ ಮನೆ ಬಿಟ್ಟು ಹೋಗುವುದಿಲ್ಲ. ಯಂತ್ರದಲ್ಲಿ ಯಾವ ಯಾವ ಸಾಧನಗಳಿವೆ, ಅವುಗಳನ್ನು ಮಲಗಿಸಿ ಎಬ್ಬಿಸುವುದು ಹೇಗೆ ಎಂಬ ವಿವರಗಳ ಕೋಷ್ಟಕಗಳನ್ನು ಅದು ಸ್ಮೃತಿಯಲ್ಲಿ ಬರೆದಿಟ್ಟಿರುವುದು. ಗಡಿಯಾರ ಮುಂತಾದವನ್ನು ಮುಂದೆಯೂ ನೋಡಿಕೊಳ್ಳಲು ತನ್ನದೇ ಒಂದಷ್ಟು ಕ್ರಮವಿಧಿಯನ್ನು ಉಳಿಸಿಕೊಂಡಿರುವುದು. ಚಿತ್ರಗಳನ್ನು ತೆರೆಯ ಮೇಲೆ ಮೂಡಿಸುವ ಭಾಗಕ್ಕೆ ಸ್ವಂತ ಸ್ಮೃತಿಯಿಲ್ಲದ ಯಂತ್ರಗಳಲ್ಲಿ ಅದಕ್ಕೂ ಒಂದು ಪಾಲನ್ನು ತೆಗೆದಿರಿಸಿರುವುದು. ಇಂಟೆಲ್ ಸಂಸ್ಥೆಯು 1990ರಲ್ಲಿ 386ಎಸ್‌ಎಲ್ ಎಂಬ ಸಂಸ್ಕಾರಕದೊಡನೆ ಆರಂಭಿಸಿದ ಒಂದು ವಿಶೇಷ ಸ್ಥಿತಿಗೆಂದು, ಕರ್ನೆಲ್ಲಿನ ಕಣ್ಣಿಗೂ ಕಾಣದ ಒಂದು ತುಂಡನ್ನು ಮುಚ್ಚಿರಿಸಿರುವುದು. ಇವೆಲ್ಲ ಸೇರಿ ನಮ್ಮ ಪೊರಂಬೋಕು. ಕರ್ನೆಲ್ ಅರಿಯದೆ ಇಲ್ಲಿ ಒಂದು ಅಕ್ಷರವನ್ನು ಬರೆದರೂ ಯಂತ್ರವು ನಿಂತುಹೋಗಬಹುದು. ಅದಕ್ಕಿಂತ ಕೆಟ್ಟದಾಗಿ, ನಿಲ್ಲದೆಯೇ ತಪ್ಪು ಲೆಕ್ಕವನ್ನು ಕೊಡುತ್ತ ಹೋಗಬಹುದು.

ಅಗೆದು ನೋಡಿದರೆ ತಿಳಿಯದೇ?

ಪ್ರತಿಯೊಂದು ವಿಳಾಸದಲ್ಲಿಯೂ ಒಂದು ಗುರುತನ್ನು ಬರೆದು, ಮತ್ತೆ ಓದಿ, ಬರೆದುದೇ ಬಂದರೆ ಅಲ್ಲಿ ಸ್ಮೃತಿಯಿದೆಯೆಂದು ತಿಳಿಯಬಹುದಲ್ಲವೇ ಎಂದು ಜಾಣ ವಿದ್ಯಾರ್ಥಿಗಳು ಕೇಳುವುದುಂಟು. ಈ ಉಪಾಯವು ಕೇಳಲು ಸರಳ, ಮಾಡಲು ಅಪಾಯಕರ. ಕೆಲವು ವಿಳಾಸಗಳ ಹಿಂದೆ ಸ್ಮೃತಿಯೇ ಇಲ್ಲ. ಡಿಸ್ಕನ್ನೋ ಜಾಲವನ್ನೋ ನಡೆಸುವ ಸಾಧನದ ಗುಂಡಿಗಳಿವೆ. ಅಲ್ಲಿ ಗುರುತು ಬರೆಯುವುದೆಂದರೆ ಕತ್ತಲೆಯಲ್ಲಿ ಗಿರಣಿಯ ಗುಂಡಿಯನ್ನು ಒತ್ತಿದಂತೆ. ಏನೂ ಇಲ್ಲದ ವಿಳಾಸದಲ್ಲಿಯೂ ಕೆಲವೊಮ್ಮೆ ತಂತಿಗಳಲ್ಲಿ ಉಳಿದ ವಿದ್ಯುತ್ತಿನಿಂದಾಗಿ ಬರೆದುದೇ ಮರಳಿ ಬಂದಂತೆ ತೋರುವುದು. ಇನ್ನು ಫರ್ಮ್‌ವೇರ್ ಬರೆದಿಟ್ಟ ಕೋಷ್ಟಕವು ನಿಜವಾದ ಸ್ಮೃತಿಯಲ್ಲಿಯೇ ಇರುವುದರಿಂದ, ಪರೀಕ್ಷೆಯು ‘ಇಲ್ಲಿ ಸ್ಮೃತಿಯಿದೆ’ ಎಂದು ಹೇಳುವುದೇ ಹೊರತು ‘ಇದು ಬೇರೆಯವರದು’ ಎಂದು ಹೇಳದು. ಮಣ್ಣನ್ನು ಅಗೆದು ನೋಡಿದರೆ ಮಣ್ಣಿನ ಗುಣ ತಿಳಿಯಬಹುದು. ಒಡೆಯನ ಹೆಸರು ತಿಳಿಯದು. ಅದಕ್ಕೆ ದಾಖಲೆಯನ್ನೇ ಕೇಳಬೇಕು.

ದಾಖಲೆ ಬೆಳೆದುಬಂದ ಬಗೆ

1981ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ‘ಪಿ.ಸಿ.’ಯನ್ನು ಮಾರುಕಟ್ಟೆಗೆ ತಂದಾಗ ಈ ವಿಷಯ ಸರಳವಾಗಿತ್ತು. ಅದರಲ್ಲಿದ್ದ 8088 ಸಂಸ್ಕಾರಕಕ್ಕೆ ವಿಳಾಸವನ್ನು ತಿಳಿಸಲು 20 ತಂತಿಗಳು. ಎರಡನ್ನು ಇಪ್ಪತ್ತು ಬಾರಿ ಗುಣಿಸಿದರೆ ಬರುವ 10,48,576 ಬೈಟುಗಳು, ಅಂದರೆ 1 ಮೆಗಾಬೈಟು, ಅದರ ಇಡೀ ಪ್ರಪಂಚ. ಇದರಲ್ಲಿ ಕೆಳಗಿನ 640 ಕಿಲೋಬೈಟುಗಳು ಕಾರ್ಯಕ್ರಮಗಳಿಗೆ. ಮೇಲಿನ 384 ಕಿಲೋಬೈಟುಗಳು ತೆರೆಗೆ, ಸಾಧನಗಳಿಗೆ ಮತ್ತು ಬಯಾಸಿಗೆ ಮೀಸಲು. ವಿದ್ಯುತ್ತು ಹರಿದೊಡನೆ ಸಂಸ್ಕಾರಕವು ಮೊದಲು ಓದುತ್ತಿದ್ದುದು ಈ ಮೆಗಾಬೈಟಿನ ತುದಿಗಿಂತ 16 ಬೈಟು ಕೆಳಗಿನ ವಿಳಾಸವನ್ನು. ಆದ್ದರಿಂದ ಬಯಾಸು ಮೇಲುತುದಿಯಲ್ಲಿ ಇರುವುದು ಅನಿವಾರ್ಯವಾಗಿತ್ತು. ಗಡಿಯು ಎಲ್ಲರಿಗೂ ಗೊತ್ತಿದ್ದುದರಿಂದ, ಕೆಳಗಿನ ಭಾಗದಲ್ಲಿ ಎಷ್ಟು ಕಿಲೋಬೈಟು ಸ್ಮೃತಿಯನ್ನು ಜೋಡಿಸಿದೆ ಎಂಬ ಒಂದೇ ಸಂಖ್ಯೆಯನ್ನು ಬಯಾಸಿನಿಂದ ಕೇಳಿ ತಿಳಿದರೆ ಸಾಕಾಗುತ್ತಿತ್ತು.

1984ರಲ್ಲಿ ‘ಪಿ.ಸಿ.-ಎ.ಟಿ.’ ಬಂದು, ಸ್ಮೃತಿಯು 1 ಮೆಗಾಬೈಟಿನ ಗಡಿಯನ್ನು ದಾಟಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿತು: ಗಡಿಯ ಮೇಲೆ ಎಷ್ಟಿದೆ? ಇದಕ್ಕೆ ಬಯಾಸು ಕೊಡುತ್ತಿದ್ದ ಉತ್ತರವು 16 ದ್ವಿಮಾನ ಸ್ಥಾನಗಳ ಒಂದು ಸಂಖ್ಯೆ. ಅದರಲ್ಲಿ 65,535 ಕಿಲೋಬೈಟುಗಳಿಗಿಂತ, ಎಂದರೆ ಸುಮಾರು 64 ಮೆಗಾಬೈಟುಗಳಿಗಿಂತ ಹೆಚ್ಚಿನದನ್ನು ಹೇಳಲು ಸ್ಥಳವೇ ಇರಲಿಲ್ಲ. ಅದಕ್ಕಿಂತಲೂ ಮುಖ್ಯವಾದ ಕೊರತೆಯೆಂದರೆ, ನಡುನಡುವೆ ಇರುವ ಮೀಸಲು ತುಂಡುಗಳನ್ನು ಒಂದು ಮೊತ್ತದಿಂದ ತಿಳಿಸಲು ಸಾಧ್ಯವಿಲ್ಲ. ಇಡೀ ಗ್ರಾಮದ ಎಕರೆ ಲೆಕ್ಕ ಕೊಟ್ಟು, ಕೆರೆ ಎಲ್ಲಿದೆಯೆಂದು ಹೇಳದೆ ಉಳಿದಂತೆ.

ಆ ಕೊರತೆಯನ್ನು ನೀಗಿದ ಕರೆಯ ಹೆಸರು ‘ಇ-820’. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಸೇರಿ 1996ರಲ್ಲಿ ಪ್ರಕಟಿಸಿದ ‘ಎ.ಸಿ.ಪಿ.ಐ.’ ಎಂಬ ನಿಯಮಾವಳಿಯೊಡನೆ ಇದಕ್ಕೆ ಖಚಿತವಾದ ಸ್ಥಾನ ದೊರೆಯಿತು. ಇದರ ವಿಧಾನವು ಪಹಣಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದಂತೆಯೇ ಇದೆ. ಒಮ್ಮೆ ಕೇಳಿದರೆ ಬಯಾಸು 20 ಬೈಟುಗಳ ಒಂದು ಸಾಲನ್ನು ಬರೆದುಕೊಡುವುದು: ತುಂಡು ಎಲ್ಲಿ ಆರಂಭ, ಅದರ ಉದ್ದ ಎಷ್ಟು, ಅದು ಯಾವ ಬಗೆಯದು. ಜೊತೆಯಲ್ಲಿ ಮುಂದಿನ ಸಾಲಿಗೆ ಒಂದು ಗುರುತುಸಂಖ್ಯೆಯನ್ನೂ ಕೊಡುವುದು. ಆ ಗುರುತನ್ನು ಹಿಂತಿರುಗಿಸಿ ಕೇಳಿದರೆ ಮುಂದಿನ ಸಾಲು. ಗುರುತು ಸೊನ್ನೆಯಾಗಿ ಬಂದಾಗ ಪಟ್ಟಿ ಮುಗಿಯಿತೆಂದು ಅರ್ಥ.

ಬಗೆಗಳಲ್ಲಿ ಮೊದಲನೆಯದು ಬಳಸಬಹುದಾದ ಸ್ಮೃತಿ. ಎರಡನೆಯದು ಮೀಸಲು, ಮುಟ್ಟಬಾರದು. ಮೂರನೆಯದು ಎ.ಸಿ.ಪಿ.ಐ. ಕೋಷ್ಟಕಗಳಿರುವ ತಾಣ, ಓದಿ ಮುಗಿಸಿದ ಮೇಲೆ ಕರ್ನೆಲ್ ಅದನ್ನು ತನ್ನ ಬಳಕೆಗೆ ಪಡೆಯಬಹುದು. ನಾಲ್ಕನೆಯದು ಫರ್ಮ್‌ವೇರ್ ತನ್ನ ನೆನಪಿಗೆಂದು ಇರಿಸಿಕೊಂಡದ್ದು. ಯಂತ್ರವು ನಿದ್ರಿಸಿ ಏಳುವಾಗಲೂ ಅದು ಕೆಡದಂತೆ ಕಾಯಬೇಕು. ಐದನೆಯದು ದೋಷವಿರುವ, ಉಪಯೋಗಕ್ಕೆ ಬಾರದ ಸ್ಮೃತಿ.

ಒಂದು ಸಾಮಾನ್ಯ ಪಟ್ಟಿಯ ಆರಂಭವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸೊನ್ನೆಯಿಂದ 639 ಕಿಲೋಬೈಟಿನವರೆಗೆ ಬಳಸಬಹುದು. ಮುಂದಿನ 1 ಕಿಲೋಬೈಟು ಮೀಸಲು. 960ರಿಂದ 1,024 ಕಿಲೋಬೈಟಿನವರೆಗಿನ 64 ಕಿಲೋಬೈಟು ಮೀಸಲು. ಅಲ್ಲಿಂದ ಮೇಲೆ ಬಹುದೂರದವರೆಗೆ ಬಳಸಬಹುದು. ಇಲ್ಲಿ 640ರಿಂದ 960ರವರೆಗಿನ ಭಾಗದ ಮಾತೇ ಇಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಹೇಳದೆ ಬಿಟ್ಟುದು ಯಾರದೂ ಅಲ್ಲವೆಂದು ಕರ್ನೆಲ್ ಅದನ್ನು ಆಕ್ರಮಿಸಿಕೊಳ್ಳುವುದಿಲ್ಲ. ‘ಬಳಸಬಹುದು’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಬಳಸುವುದು. ಪಟ್ಟಿಯಲ್ಲಿಲ್ಲದ್ದು ತನ್ನದಲ್ಲವೆಂದೇ ಎಣಿಸುವುದು. ಇದು ಈ ವಿದ್ಯೆಯ ಮೊದಲ ಸೂತ್ರ.

ಹೊಸ ಕ್ರಮ

2005ರಲ್ಲಿ ಯು.ಇ.ಎಫ್.ಐ. ವೇದಿಕೆಯು ಸ್ಥಾಪನೆಯಾಗಿ, ಮುಂದೆ ಬಯಾಸಿನ ಸ್ಥಾನವನ್ನು ಈ ಹೊಸ ಫರ್ಮ್‌ವೇರ್ ಪಡೆಯುತ್ತ ಬಂದಿತು. ಇದರಲ್ಲಿ ಸಾಲುಸಾಲಾಗಿ ಕೇಳಬೇಕಾಗಿಲ್ಲ. ಇಡೀ ನಕ್ಷೆಯನ್ನು ಒಮ್ಮೆಗೇ ಪಡೆಯಬಹುದು. ಬಗೆಗಳೂ ಹೆಚ್ಚು. ಯಂತ್ರವನ್ನು ಎಬ್ಬಿಸುವವರೆಗೆ ಮಾತ್ರ ಬೇಕಾದ ಭಾಗಗಳು ಬೇರೆ, ಆಮೇಲೂ ಉಳಿಯಬೇಕಾದ ಭಾಗಗಳು ಬೇರೆ ಎಂದು ವಿಂಗಡಿಸಿ ಬರೆದಿರುತ್ತದೆ.

ನಕ್ಷೆಯ ಜೊತೆ ಫರ್ಮ್‌ವೇರ್ ಒಂದು ಕೀಲಿಸಂಖ್ಯೆಯನ್ನೂ ಕೊಡುವುದು. ಕಾರ್ಯಭಾರವನ್ನು ವಹಿಸಿಕೊಳ್ಳುವಾಗ ಈ ಕೀಲಿಸಂಖ್ಯೆಯನ್ನು ಹಿಂತಿರುಗಿಸಿ ತೋರಿಸಬೇಕು. ನಡುವೆ ಒಂದು ತುಂಡಾದರೂ ಕೈಬದಲಾಗಿದ್ದರೆ ಕೀಲಿಯು ಹೊಂದುವುದಿಲ್ಲ. ಫರ್ಮ್‌ವೇರ್ ಕಾರ್ಯಭಾರವನ್ನು ಒಪ್ಪಿಸಲು ನಿರಾಕರಿಸುವುದು. ಹೊಸ ನಕ್ಷೆಯನ್ನು ಪಡೆದು ಮತ್ತೆ ಕೇಳಬೇಕು. ಹಳೆಯ ಪ್ರತಿಯನ್ನು ಹಿಡಿದು ನೋಂದಣಿಗೆ ಹೋದವನನ್ನು ‘ಹೊಸ ಪ್ರತಿ ತನ್ನಿ’ ಎಂದು ಕಚೇರಿಯವರು ಹಿಂದಕ್ಕೆ ಕಳುಹಿಸುವರಲ್ಲವೇ, ಅದೇ ಬಗೆಯ ಜಾಗರೂಕತೆ ಇದು.

ಕೈಯಲ್ಲಿ ಹಿಡಿಯುವ ಫೋನುಗಳ ಕ್ರಮವು ಸ್ವಲ್ಪ ಬೇರೆ. ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಲಿನಕ್ಸ್ ತಿರುಳೇ. ಅಲ್ಲಿ ‘ಡಿವೈಸ್ ಟ್ರೀ’ ಅಥವಾ ಸಾಧನವೃಕ್ಷವೆಂಬ ಒಂದು ಲಿಖಿತ ವಿವರಣೆಯನ್ನು ಕರ್ನೆಲ್ಲಿನ ಕೈಗೆ ಕೊಡುವರು. ಈ ವೃಕ್ಷದ ಮೂಲವು 1994ರಲ್ಲಿ ಪ್ರಮಾಣೀಕೃತವಾದ ‘ಓಪನ್ ಫರ್ಮ್‌ವೇರ್’ ಎಂಬ ಪದ್ಧತಿಯಲ್ಲಿದೆ. ಮಾತುಕತೆಯ ಸಂಕೇತಗಳನ್ನು ನೋಡಿಕೊಳ್ಳುವ ಮೋಡೆಮ್, ಧ್ವನಿಯ ಸಂಸ್ಕಾರಕ, ಗುಪ್ತಸಂಖ್ಯೆಗಳನ್ನು ಕಾಯುವ ಭದ್ರವಿಭಾಗ ಮುಂತಾದವುಗಳಿಗೆ ಮೀಸಲಾದ ಸ್ಮೃತಿಯನ್ನು ಈ ವೃಕ್ಷದ ಒಂದು ಕೊಂಬೆಯಲ್ಲಿ ಬರೆದಿರುತ್ತದೆ. ನಾಲ್ಕು ಜಿ.ಬಿ. ಎಂದು ಕೊಂಡ ಫೋನು ನಾಲ್ಕಕ್ಕಿಂತ ಕಡಮೆ ತೋರಿಸುವುದಕ್ಕೆ ಇದೂ ಒಂದು ಕಾರಣ. ಮದರಾಸಿನ ಐ.ಐ.ಟಿ.ಯಲ್ಲಿ ರೂಪುಗೊಂಡ ‘ಶಕ್ತಿ’ ಸಂಸ್ಕಾರಕವು ಸೇರಿರುವ ರಿಸ್ಕ್-ಫೈವ್ ಕುಟುಂಬದಲ್ಲಿಯೂ ಈ ಸಾಧನವೃಕ್ಷದ ಪದ್ಧತಿಯೇ ಬಳಕೆಯಲ್ಲಿದೆ.

ನಕ್ಷೆಯಿಂದ ಆಡಳಿತಕ್ಕೆ

ಪಟ್ಟಿಯು ಕೈಗೆ ಬಂದ ಮೇಲೆ ಕರ್ನೆಲ್ ಮೊದಲು ಅದನ್ನು ತಿದ್ದಿ ಜೋಡಿಸುವುದು. ಸಾಲುಗಳು ಕ್ರಮವಾಗಿ ಇರಬೇಕೆಂಬ ನಿಯಮವಿಲ್ಲ; ಕೆಲವೊಮ್ಮೆ ಒಂದೇ ತುಂಡು ಎರಡು ಸಾಲುಗಳಲ್ಲಿ ಎರಡು ಬಗೆಯಾಗಿ ಬಂದಿರುವುದೂ ಉಂಟು. ಒಂದು ಸಾಲು ‘ಬಳಸಬಹುದು’ ಎಂದೂ ಇನ್ನೊಂದು ‘ಮೀಸಲು’ ಎಂದೂ ಹೇಳಿದರೆ ಲಿನಕ್ಸ್ ಕಟ್ಟುನಿಟ್ಟಾದ ಮಾತನ್ನೇ ಎತ್ತಿಹಿಡಿದು ಅದನ್ನು ಮೀಸಲೆಂದು ಪರಿಗಣಿಸುವುದು.

ಅನಂತರ ಬಳಸಬಹುದಾದ ಸ್ಮೃತಿಯನ್ನು 4,096 ಬೈಟುಗಳ ‘ಪುಟ’ಗಳಾಗಿ ಲೆಕ್ಕ ಹಾಕುವುದು. 8 ಜಿ.ಬಿ. ಎಂದರೆ 20,97,152 ಪುಟಗಳು. ಪ್ರತಿ ಪುಟದ ಲೆಕ್ಕ ಬರೆದಿಡಲು ಲಿನಕ್ಸಿಗೆ ಸಾಮಾನ್ಯವಾಗಿ 64 ಬೈಟುಗಳು ಬೇಕು. ಗುಣಿಸಿ ನೋಡಿದರೆ ಈ ಲೆಕ್ಕದ ಪುಸ್ತಕಕ್ಕೇ 128 ಮೆಗಾಬೈಟುಗಳಾಗುವುವು! ಆದುದರಿಂದ ಕಡಮೆಯಾಗಿ ಕಾಣುವ ಸ್ಮೃತಿಯೆಲ್ಲವೂ ಫರ್ಮ್‌ವೇರಿನ ಪಾಲಲ್ಲ; ಲಿನಕ್ಸಿನಲ್ಲಿ ಆಡಳಿತದ ಖರ್ಚನ್ನೂ ಅದಕ್ಕೆ ಸೇರಿಸಬೇಕು.

ಇಂದಿನ ಸಂಸ್ಕಾರಕವು ಸ್ಮೃತಿಯನ್ನು ನೇರವಾಗಿ ಮುಟ್ಟುವುದಿಲ್ಲ. ಕರ್ನೆಲ್ ಬರೆದುಕೊಟ್ಟ ಪುಟಕೋಷ್ಟಕದ ಮೂಲಕವೇ ಮುಟ್ಟುವುದು. ಕೋಷ್ಟಕದಲ್ಲಿ ದಾರಿ ಬರೆದಿಲ್ಲದ ತುಂಡಿಗೆ ಯಾರೂ ಹೋಗಲಾರರು. ಮೀಸಲು ಸ್ಮೃತಿಯ ರಕ್ಷಣೆಯ ಕೀಲಕವೇ ಇದು. ಸಾಧನವೃಕ್ಷದಲ್ಲಿ ‘ನೋ-ಮ್ಯಾಪ್’, ಅಂದರೆ ‘ದಾರಿ ಬೇಡ’ ಎಂದು ಬರೆದ ತುಂಡಿಗೆ ಕರ್ನೆಲ್ ದಾರಿಯನ್ನೇ ಮಾಡಬಾರದು. ಏಕೆಂದರೆ ಇಂದಿನ ಸಂಸ್ಕಾರಕಗಳು ಮುಂದೆ ಬೇಕಾಗಬಹುದೆಂದು ಊಹಿಸಿ, ಯಾರೂ ಕೇಳದೆಯೇ ಮುಂಚಿತವಾಗಿ ಓದಿಡುವ ಅಭ್ಯಾಸದವು. ದಾರಿಯಿದ್ದರೆ ಅವು ಹೋಗಿಯೇ ತೀರುವುವು. ಸಾಧನಗಳ ಗುಂಡಿಗಳಿರುವ ವಿಳಾಸಗಳಿಗಾದರೋ ದಾರಿ ಬೇಕು, ಆದರೆ ಓದಿದುದನ್ನು ಬಳಿಯಲ್ಲಿ ಕೂಡಿಟ್ಟುಕೊಳ್ಳಬಾರದೆಂಬ ಷರತ್ತಿನೊಡನೆ. ಇಲ್ಲದಿದ್ದರೆ ಸಾಧನದ ಸ್ಥಿತಿ ಬದಲಾದರೂ ಹಳೆಯ ಉತ್ತರವೇ ಕಾಣುತ್ತಿರುವುದು.

ದಾಖಲೆಯೇ ತಪ್ಪಿದರೆ?

ದಾಖಲೆಯನ್ನು ನಂಬಬೇಕು ಎಂದೆವು. ಆದರೆ ದಾಖಲೆ ಬರೆದವರೂ ಮನುಷ್ಯರೇ. ಕೆಲವು ಫರ್ಮ್‌ವೇರುಗಳು ‘ಬಳಸಬಹುದು’ ಎಂದು ತಾವೇ ಬರೆದುಕೊಟ್ಟ ನೆಲದಲ್ಲಿ ಆಮೇಲೆ ಹೇಳದೆ ಕೇಳದೆ ಬರೆಯುತ್ತಿವೆಯೆಂಬುದು 2008ರ ಸುಮಾರಿಗೆ ಲಿನಕ್ಸ್ ತಜ್ಞರ ಗಮನಕ್ಕೆ ಬಂದಿತು. ಮುಖ್ಯವಾಗಿ ಯಂತ್ರವು ನಿದ್ರಿಸಿ ಎಚ್ಚರಗೊಳ್ಳುವ ಸಮಯದಲ್ಲಿ, ತೀರ ಕೆಳಗಿನ 64 ಕಿಲೋಬೈಟುಗಳಲ್ಲಿ ಈ ಅತಿಕ್ರಮ ನಡೆಯುತ್ತಿತ್ತು. ಅಲ್ಲಿ ಯಾರ ಪತ್ರವಿತ್ತೋ, ಯಾರ ಲೆಕ್ಕವಿತ್ತೋ, ಅದು ಕೆಟ್ಟುಹೋಗುತ್ತಿತ್ತು. ದೋಷವು ಎಲ್ಲಿಂದ ಬಂದಿತೆಂದು ಬಳಸುವವನಿಗೆ ತಿಳಿಯುತ್ತಲೇ ಇರಲಿಲ್ಲ.

ಇದಕ್ಕೆ ತಜ್ಞರು ಕಂಡುಕೊಂಡ ಪರಿಹಾರವು ಗಮನಾರ್ಹವಾದುದು. ಅವರು ಮೊದಲು ಕೆಳಗಿನ ಭಾಗದ ಮೇಲೆ ಕಾವಲಿಟ್ಟು ನೋಡುವ ವ್ಯವಸ್ಥೆ ಮಾಡಿದರು. ಮುಂದೆ ಆ 64 ಕಿಲೋಬೈಟುಗಳನ್ನು ಮುಟ್ಟದೆ ಬಿಡುವ ಕ್ರಮ ಬಂದಿತು. ಕಡೆಗೆ 2021ರಲ್ಲಿ, ಇಂಟೆಲ್ ಬಗೆಯ ಯಂತ್ರಗಳಲ್ಲಿ ಮೊದಲ 1 ಮೆಗಾಬೈಟನ್ನು ಪಟ್ಟಿಯು ಏನೇ ಹೇಳಲಿ, ಸಾಮಾನ್ಯ ಬಳಕೆಗೆ ಕೊಡುವುದಿಲ್ಲವೆಂದು ನಿರ್ಧರಿಸಿದರು. 8 ಜಿ.ಬಿ.ಯಲ್ಲಿ 1 ಮೆಗಾಬೈಟೆಂದರೆ 8,192ರಲ್ಲಿ ಒಂದು ಪಾಲು. ಯು.ಇ.ಎಫ್.ಐ. ಯಂತ್ರಗಳಲ್ಲಿಯೂ ಇದೇ ನೀತಿ: ಕಾರ್ಯಭಾರ ವಹಿಸಿಕೊಂಡೊಡನೆ ತೆರವಾಗಬೇಕಾದ ಭಾಗಗಳನ್ನು ಕೆಲವು ಫರ್ಮ್‌ವೇರುಗಳು ಆಮೇಲೂ ಮುಟ್ಟುವುದನ್ನು ಕಂಡು, ಲಿನಕ್ಸ್ ಆ ಭಾಗಗಳನ್ನು ಸ್ವಲ್ಪ ಕಾಲ ಹಾಗೆಯೇ ಬಿಟ್ಟು, ಅಪಾಯ ಕಳೆದ ಮೇಲೆ ಮಾತ್ರ ಪಡೆದುಕೊಳ್ಳುವುದು. ವ್ಯಾಜ್ಯದ ಗೆರೆಯಿಂದ ಒಂದು ಗೇಣು ಹಿಂದೆ ಸರಿದು ಬೇಲಿ ಹಾಕುವ ವಿವೇಕ ಇದು. ಕಳೆದುಕೊಳ್ಳುವುದು ಅತ್ಯಲ್ಪ, ಉಳಿಯುವುದು ಇಡೀ ಮನೆಯ ನೆಮ್ಮದಿ.

ಮನೆಯಲ್ಲಿ ನೋಡುವ ಬಗೆ

ಈ ಪಟ್ಟಿಯನ್ನು ನೋಡಲು ಪಂಡಿತರಾಗಬೇಕಾಗಿಲ್ಲ. ವಿಂಡೋಸ್ ಇರುವ ಯಂತ್ರದಲ್ಲಿ ‘ಟಾಸ್ಕ್ ಮ್ಯಾನೇಜರ್’ ತೆರೆದು ಮೆಮೊರಿಯ ಪುಟವನ್ನು ನೋಡಿದರೆ ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬಲ್ಲಿ ಮೀಸಲಿನ ಮೊತ್ತವು ಕಾಣುವುದು. ಕೇರಳದ ಸರಕಾರಿ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆಯು ಸಿದ್ಧಪಡಿಸಿದ ಲಿನಕ್ಸ್ ಬಳಕೆಯಲ್ಲಿರುವುದರಿಂದ, ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಇಡೀ ಪಟ್ಟಿಯನ್ನೇ ಓದಬಲ್ಲರು. ಯಂತ್ರವು ಏಳುವಾಗ ಬರೆದ ದಿನಚರಿಯ ಆರಂಭದಲ್ಲಿಯೇ ‘ಬಯಾಸ್-ಇ820’ ಎಂದು ತೊಡಗುವ ಸಾಲುಗಳಿರುತ್ತವೆ. ‘ಪ್ರಾಕ್’ ಎಂಬ ಕಡತಕೋಶದಲ್ಲಿ ‘ಐಯೋಮೆಮ್’ ಎಂಬ ಕಡತದಲ್ಲಿಯೂ ಅದೇ ವಿವರವಿದೆ. ಸಾಮಾನ್ಯ ಬಳಕೆದಾರನಿಗೆ ಅಲ್ಲಿಯ ವಿಳಾಸಗಳು ಸೊನ್ನೆಗಳಾಗಿ ಕಾಣುವುದರಿಂದ ಮೇಲ್ವಿಚಾರಕನ ಅಧಿಕಾರದಿಂದ ನೋಡಬೇಕು.

ನೋಡಿದ ಮೇಲೆ ತೀರ್ಮಾನಿಸುವುದು ಹೇಗೆ? 8 ಜಿ.ಬಿ.ಯಲ್ಲಿ 7.5ರಿಂದ 7.9ರವರೆಗೆ ದೊರೆತರೆ ಚಿಂತೆಗೆ ಕಾರಣವಿಲ್ಲ. ಚಿತ್ರದ ಭಾಗಕ್ಕೆ ಹೆಚ್ಚು ಪಾಲನ್ನು ಕೊಟ್ಟಿರುವ ಯಂತ್ರಗಳಲ್ಲಿ ಒಂದೆರಡು ಜಿ.ಬಿ.ಯೇ ಕಡಮೆ ಕಾಣಬಹುದು. ಕೆಲವು ಯಂತ್ರಗಳ ಫರ್ಮ್‌ವೇರ್ ಪುಟದಲ್ಲಿ ಆ ಪಾಲನ್ನು ಬದಲಿಸುವ ಅವಕಾಶವೂ ಇರುವುದು. ಹಳೆಯ 32 ಬಿಟ್ಟಿನ ವಿಂಡೋಸ್ ಇದ್ದರೆ 4 ಜಿ.ಬಿ.ಯಲ್ಲಿ ಮೂರು, ಮೂರೂವರೆ ಮಾತ್ರ ಕಾಣುವುದೂ ಸಹಜ. ಏಕೆಂದರೆ ಅದರ ವಿಳಾಸಗಳು 4 ಜಿ.ಬಿ.ಗೇ ಮುಗಿಯುವುವು, ಸಾಧನಗಳಿಗೂ ಅದರಲ್ಲಿಯೇ ಸ್ಥಳ ಬೇಕು. ಆದರೆ ‘ಇರುವುದು’ ಎಂಬಲ್ಲಿಯೇ 8ರ ಬದಲು 4 ಎಂದಿದ್ದರೆ, ಅದು ಮೀಸಲಲ್ಲ. ಸ್ಮೃತಿಯ ಒಂದು ಪಟ್ಟಿ ಸಡಿಲಗೊಂಡಿದೆ, ಇಲ್ಲವೇ ಹಾಕಿಯೇ ಇಲ್ಲ. ಆಗ ರಸೀದಿಯನ್ನು ಹಿಡಿದು ಅಂಗಡಿಗೆ ಹೋಗಿ ಕೇಳತಕ್ಕದ್ದು.

ಮುಟ್ಟುವ ಮೊದಲು ಕೇಳುವುದು, ಕೇಳಿದುದನ್ನು ಬರೆದಿಡುವುದು, ಬರೆದುದು ಒಂದಕ್ಕೊಂದು ಹೊಂದದಿದ್ದರೆ ಬಿಟ್ಟುಕೊಡುವುದು: ಈ ಮೂರೇ ನಿಯಮಗಳಿಂದ ಯಂತ್ರದೊಳಗಿನ ಇಬ್ಬರು ಆಡಳಿತಗಾರರು ಒಂದೇ ನೆಲದಲ್ಲಿ ಬಾಳುತ್ತಾರೆ. ಮಕ್ಕಳು ಯಂತ್ರವನ್ನು ಬಳಸಲು ಕಲಿತರೆ ಸಾಲದು, ಅದರ ದಾಖಲೆಯನ್ನು ಓದಲೂ ಕಲಿಯಬೇಕೆಂಬುದು ನಮ್ಮ ಅಭಿಪ್ರಾಯ. ದಾಖಲೆಯನ್ನು ಓದಬಲ್ಲ ಮನೆಯಲ್ಲಿ ಪ್ರಾಮಾಣಿಕನಾದ ವ್ಯಾಪಾರಿಯ ಮೇಲೆ ವೃಥಾ ಸಂಶಯ ಹುಟ್ಟುವುದಿಲ್ಲ. ನಿಜವಾಗಿ ಅಳತೆ ತಪ್ಪಿದಾಗ ಸುಮ್ಮನಿರಬೇಕಾದ ಪ್ರಮೇಯವೂ ಬರುವುದಿಲ್ಲ.